‘ನಿಮ್ಮ ವಂಶದಲ್ಲೇ ಇದೆ’ ಎಂದ ಮೇಷ್ಟ್ರ ಪತ್ರ

ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ರಸಾಯನಶಾಸ್ತ್ರ, ಜೀವಶಾಸ್ತ್ರ ಪಾಠ ಮಾಡುತ್ತಿರುವ ಸಿಬಿಝಡ್ ಮೇಷ್ಟ್ರುಗಳೇ, ಮೇಡಂಗಳೇ,



ಮಧುಗಿರಿಯನ್ನು ಜಿಲ್ಲೆ ಮಾಡಿ ಎಂಬ ಕೂಗು ಹಳೆಯದು. ಅದನ್ನು ಕೇಳಬೇಕಾದವರು ಇನ್ನೂ ಕೇಳಿಸಿಕೊಳ್ಳುತ್ತಲೇ ಇದ್ದಾರೆ. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಮಾತ್ರ ನಾವು ಆಗಲೇ ಜಿಲ್ಲೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ನಮ್ಮದೇ ಡಿಡಿಪಿಐ ಕಚೇರಿ, ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ತುಮಕೂರಿನಿಂದ ಬೇರೆಯದೇ ಒಂದು ಸಾಲು. ಆ ಸಾಲು ಎಷ್ಟನೆಯದು ಎಂದು ವರ್ಷವರ್ಷವೂ ಮೀಟಿಂಗಿನಲ್ಲಿ ನಿಮ್ಮನ್ನು ಎಬ್ಬಿಸಿ ಕೇಳುತ್ತಾರೆಂದು ಬಲ್ಲೆ. ನಾನೂ ಎದ್ದು ನಿಂತವನೇ. ಈ ಪತ್ರಕ್ಕೂ ಅದಕ್ಕೂ ಸಂಬಂಧವಿಲ್ಲ. ನಾನು ತರಗತಿಯಲ್ಲಿ ಆಡಿದ ಒಂದು ಮಾತನ್ನು ನಿಮ್ಮೆದುರು ವಾಪಸ್ ತೆಗೆದುಕೊಳ್ಳಬೇಕಾಗಿದೆ. ಅದನ್ನು ನೀವೂ ಆಡುತ್ತಿರಬಹುದು ಎಂಬ ಅನುಮಾನ ಇರುವುದರಿಂದ ಇದು ಬಹಿರಂಗ ಪತ್ರ.

ಕಳೆದ ವರ್ಷ ಜನವರಿಯಲ್ಲಿ ಮಧುಗಿರಿಯಿಂದ ಪಾವಗಡದ ಬಸ್ಸು ಹತ್ತಿದ್ದೆ. ಸುಗ್ಗಿಯ ಕಾಲ. ನಿಮಗೆ ಹೇಳಬೇಕಿಲ್ಲ, ನಮ್ಮ ಕಡೆ ಆಗ ಟಾರು ರಸ್ತೆಯೇ ಕಣ. ರಾಗಿ ತೆನೆ ಹರವಿರುತ್ತಾರೆ, ಬಸ್ಸು ಲಾರಿಗಳು ಒಕ್ಕಣೆ ಮಾಡಿಕೊಟ್ಟು ಹೋಗುತ್ತವೆ. ಬಸ್ಸು ಹುಲ್ಲಿನ ಮೇಲೆ ಹರಿದಾಗಲೆಲ್ಲ ಕಿಟಕಿಯಿಂದ ಸುಂಕು ಒಳಗೆ ನುಗ್ಗುತ್ತಿತ್ತು. ಮುಂದಿನ ಸೀಟಿನಲ್ಲಿ ತಾಯಿಯ ಪಕ್ಕ ಕೂತ ಏಳೆಂಟು ವರ್ಷದ ಹುಡುಗ ಕೆಮ್ಮಲು ಶುರು ಮಾಡಿದ. ಉಬ್ಬಸದವನಿಗೆ ಉಬ್ಬಸದವನ ಕೆಮ್ಮು ಬೇಗ ಗೊತ್ತಾಗುತ್ತದೆ. ಹುಡುಗನ ಹೆಗಲು ಕಿವಿಯವರೆಗೆ ಏರಿತ್ತು. ಕೊರಳ ಬುಡದ ಗುಳಿ ಉಸಿರೆಳೆದಾಗಲೆಲ್ಲ ಒಳಕ್ಕೆ ಹೋಗುತ್ತಿತ್ತು. ಉಸಿರು ಬಿಡುವಾಗ ಸಣ್ಣಗೆ ಸೀಟಿ. ನನ್ನ ಜೇಬಿನ ಪಂಪು, ಅಂದರೆ ಇನ್ಹೇಲರ್, ಕೈಗೆ ಬಂದಿತ್ತು. ಬೇರೆಯವರ ಮಗು ಎಂದು ಹಿಂಜರಿದೆ. ಅಷ್ಟರಲ್ಲಿ ತಾಯಿ ತಿರುಗಿದಳು.

‘ಸಾರ್, ಗುರ್ತು ಸಿಕ್ತಾ? ಖೋ ಖೋ ಆಡ್ತಿದ್ದೆ. ಆಮೇಲೆ ಬಿಟ್ಟೆ.’

ಸಿಕ್ಕಿತು. ಒಳ್ಳೆಯ ಓಟಗಾತಿ. ಹತ್ತನೇ ತರಗತಿಯಲ್ಲಿ ಚಳಿಗಾಲಕ್ಕೆ ದಮ್ಮು ಶುರುವಾಯಿತು.

‘ಮಗನಿಗೆ ಡಾಕ್ಟ್ರಿಗೆ ತೋರಿಸ್ತಿದ್ದೀಯೇನಮ್ಮ?’

‘ಒಂದ್ಸಲ ತೋರಿಸ್ದೆ ಸಾರ್. ಪಂಪ್ ಬರ್ಕೊಟ್ರು. ಚಟ ಆಯ್ತದೆ ಅಂತ ನಮ್ಮತ್ತೆ ಬೇಡ ಅಂದ್ರು. ಏನ್ ತೋರಿಸಿದ್ರೇನು ಸಾರ್, ಬಂದಿದ್ದು ಬಂದಿದ್ದೇ. ನೀವೇ ಹೇಳಿದ್ರಲ್ಲ, ನಿಮ್ ವಂಶದಲ್ಲೇ ಐತೆ ಅಂತ.’

ಹೇಳಿದ್ದೆ. ಅವಳ ಅಜ್ಜಿಗೂ ಇತ್ತು, ಅಪ್ಪನಿಗೂ ಇತ್ತು. ಅನುವಂಶೀಯತೆಯ ಪಾಠ ನಡೆಯುತ್ತಿತ್ತು, ಕರಿಹಲಗೆಯ ಮೇಲೆ ಮೆಂಡೆಲನ ಬಟಾಣಿ ಇತ್ತು, ಉದಾಹರಣೆಗೆ ಅವಳು ಸಿಕ್ಕಳು. ಮಕ್ಕಳು ನಕ್ಕರು. ನನಗೆ ಪಾಠ ಮನಮುಟ್ಟಿತೆಂಬ ಸಮಾಧಾನ. ಅವಳಿಗೆ ಅದು ತೀರ್ಪಾಗಿ ಮುಟ್ಟಿತ್ತು ಎಂದು ಗೊತ್ತಾಗಲು ಹದಿನೈದು ವರ್ಷ ಬೇಕಾಯಿತು.

ಈಗ ನೋಡಿ, ನಾನು ಹೇಳಿದ್ದು ಪೂರ್ತಿ ಸುಳ್ಳಲ್ಲ, ತೊಂದರೆ ಇರುವುದೇ ಅಲ್ಲಿ. ಉಬ್ಬಸ ಮನೆತನಗಳಲ್ಲಿ ಓಡಾಡುತ್ತದೆ. ಆದರೆ ಬಟಾಣಿಯ ಬಣ್ಣದ ಹಾಗೆ ಒಂದು ಜೀನು, ಒಂದು ಗುಣ ಎಂದು ಬರುವುದಿಲ್ಲ. ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕ ಇಟ್ಟು ಪ್ರಕಟಿಸಿದ್ದರು. 1979ರಲ್ಲಿ ಅವರಲ್ಲಿ ಉಬ್ಬಸ ಇದ್ದವರು ಶೇ. 9. 1999ರ ಹೊತ್ತಿಗೆ ಶೇ. 29.5. ಆಸ್ಪತ್ರೆಗೆ ಬಂದವರ ಲೆಕ್ಕವಾದ್ದರಿಂದ ಊರಿಗೆಲ್ಲ ಹಾಗೆಯೇ ಅನ್ವಯಿಸಬಾರದು, ಸರಿ. ಆದರೂ ಇಪ್ಪತ್ತೇ ವರ್ಷದಲ್ಲಿ ಮೂರು ಪಟ್ಟು. ಇಪ್ಪತ್ತು ವರ್ಷದಲ್ಲಿ ಬೆಂಗಳೂರಿಗರ ವಂಶ ಬದಲಾಗಲು ಹೇಗೆ ಸಾಧ್ಯ? ಬದಲಾದದ್ದು ಬೆಂಗಳೂರಿನ ಗಾಳಿ. ಈ ಎರಡು ಅಂಕಿಗಳನ್ನು ಕರಿಹಲಗೆಯ ಮೇಲೆ ಬರೆದು ‘ಜೀನು ಒಂದೇ ಆಗಿದ್ದರೆ ಇದು ಹೇಗೆ?’ ಎಂದು ಕೇಳಿ ಸುಮ್ಮನೆ ನಿಲ್ಲಬಹುದಿತ್ತು. ನಾನು ನಿಲ್ಲಲಿಲ್ಲ, ಪಾಠ ಮುಗಿಸಬೇಕಿತ್ತು.

ಗಾಳಿ ಹೋಗಿ ಜೀನಿಗೆ ಏನು ಮಾಡುತ್ತದೆ? ನಾನು ಕಲಿತಾಗ, ಕಲಿಸಿದಾಗ ಆರ್‌ಎನ್‌ಎ ಎಂದರೆ ಟಪಾಲಿನವನು. ಡಿಎನ್‌ಎಯಿಂದ ಸಂದೇಶ ಒಯ್ದು ಪ್ರೋಟೀನು ಮಾಡುವ ಜಾಗಕ್ಕೆ ಮುಟ್ಟಿಸುತ್ತದೆ, ಮುಗಿಯಿತು. ನಡುವೆ ಯಾರೋ ಕೈ ಹಾಕುತ್ತಾರೆಂದು ಯಾರೂ ಹೇಳಿಕೊಟ್ಟಿರಲಿಲ್ಲ. 1993ರಲ್ಲಿ ಅಮೆರಿಕದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಆ ಕೈಯನ್ನು ಹಿಡಿದರು. ಲಿನ್-4 ಎಂಬ ಜೀನಿನಿಂದ ಯಾವ ಪ್ರೋಟೀನೂ ಆಗುತ್ತಿರಲಿಲ್ಲ. ಸುಮಾರು 22 ಅಕ್ಷರದ ಒಂದು ಆರ್‌ಎನ್‌ಎ ಚೂರು ಮಾತ್ರ ಹುಟ್ಟುತ್ತಿತ್ತು. ಅದು ಲಿನ್-14 ಎಂಬ ಇನ್ನೊಂದು ಜೀನಿನ ಸಂದೇಶಕ್ಕೆ ಹೋಗಿ ಅಂಟಿಕೊಂಡು, ಅದರ ಬಾಯಿ ಕಟ್ಟುತ್ತಿತ್ತು. ಹುಳುವಿನ ವಿಚಿತ್ರ ಇರಬೇಕೆಂದು ಲೋಕ ಏಳು ವರ್ಷ ಸುಮ್ಮನಿತ್ತು. 2000ದಲ್ಲಿ ರವ್ಕುನ್ ಪ್ರಯೋಗಾಲಯಕ್ಕೆ ಲೆಟ್-7 ಎಂಬ ಇನ್ನೊಂದು ಚೂರು ಸಿಕ್ಕಿತು. ಅದು ಹುಳುವಿನಲ್ಲೂ ಇತ್ತು, ಮನುಷ್ಯನಲ್ಲೂ ಇತ್ತು. ಮೈಕ್ರೋ ಆರ್‌ಎನ್‌ಎ ಎಂಬ ಹೆಸರು ಬಂತು. ಮನುಷ್ಯನಲ್ಲಿ ಇವು ಸಾವಿರಕ್ಕೂ ಹೆಚ್ಚು. 2024ರ ಅಕ್ಟೋಬರಿನಲ್ಲಿ ಇಬ್ಬರಿಗೂ ವೈದ್ಯಕೀಯದ ನೊಬೆಲ್ ಬಂದ ಸುದ್ದಿ ಪೇಪರಿನಲ್ಲಿ ಓದಿದಾಗಲೇ ನಾನು ಇದನ್ನು ಸರಿಯಾಗಿ ತಿಳಿದುಕೊಂಡದ್ದು. ಆಗ ನನಗೆ ನಿವೃತ್ತಿಯಾಗಿತ್ತು. ಅಂದರೆ ನನ್ನ ನೌಕರಿಯ ಬಹುಪಾಲು ಈ ವಿಷಯ ಲೋಕದಲ್ಲಿ ಇತ್ತು, ನನ್ನ ಟಿಪ್ಪಣಿ ಪುಸ್ತಕದಲ್ಲಿ ಇರಲಿಲ್ಲ.

ಮಕ್ಕಳಿಗೆ ಇದನ್ನು ಹೇಗೆ ಹೇಳುವುದೆಂದು ಈ ವರ್ಷವೆಲ್ಲ ಯೋಚಿಸಿದ್ದೇನೆ. ಸ್ವಿಚ್ಚು, ಬ್ರೇಕು ಎಂದು ಪುಸ್ತಕದವರು ಬರೆಯುತ್ತಾರೆ. ನಮ್ಮ ಸೀಮೆಗೆ ಅದಕ್ಕಿಂತ ಹತ್ತಿರದವನು ನೀರಗಂಟಿ. ಕೆರೆ ಕೋಡಿ ಬಿದ್ದ ವರ್ಷ ತೂಬು ಎತ್ತಿ, ಗುದ್ದಲಿ ಹೆಗಲಿಗಿಟ್ಟುಕೊಂಡು ಕಾಲುವೆಯುದ್ದಕ್ಕೂ ನಡೆಯುತ್ತಿದ್ದನಲ್ಲ, ಅವನು. (ಪಾವಗಡದ ಮೇಷ್ಟ್ರುಗಳು ಕೋಡಿ ಬೀಳುವುದು ಎಂದರೇನೆಂದು ಮೊದಲು ವಿವರಿಸಬೇಕಾದೀತು, ಕ್ಷಮಿಸಿ.) ನೀರಗಂಟಿ ನೀರು ಹುಟ್ಟಿಸುವವನಲ್ಲ. ಕೆರೆಯಲ್ಲಿ ಇರುವ ನೀರು ಯಾರ ಗದ್ದೆಗೆ ಎಷ್ಟು ಎಂಬುದು ಮಾತ್ರ ಅವನ ಕೈಯಲ್ಲಿ. ಒಂದು ಹೆಂಟೆ ಮಣ್ಣು ಮಡೆಗೆ ಅಡ್ಡ ಹಾಕಿದನೆಂದರೆ ಆ ಗದ್ದೆಗೆ ಹರಿವು ಇಳಿಯಿತು, ಮುಂದಿನದಕ್ಕೆ ಏರಿತು. ಪೂರ್ತಿ ಮುಚ್ಚುವುದು ಅಪರೂಪ, ಸ್ವಲ್ಪ ಸ್ವಲ್ಪ ತಗ್ಗಿಸುವುದೇ ಕಸುಬು. ಒಬ್ಬನ ಕೈಕೆಳಗೆ ನೂರಾರು ಗದ್ದೆ, ಒಂದೇ ಗದ್ದೆಗೆ ಕೆಲವೊಮ್ಮೆ ಇಬ್ಬರು ಮೂವರು ನೀರಗಂಟಿಗಳು. ಮೈಕ್ರೋ ಆರ್‌ಎನ್‌ಎ ಮಾಡುವುದು ಅಚ್ಚುಕಟ್ಟಾಗಿ ಇದೇ. ತನ್ನ 22 ಅಕ್ಷರದಲ್ಲಿ ಎರಡರಿಂದ ಎಂಟನೆಯವರೆಗಿನ ಅಕ್ಷರಗಳು ಯಾವ ಸಂದೇಶದ ಬಾಲಕ್ಕೆ ಹೊಂದುತ್ತವೋ ಅಲ್ಲಿ ಕೂತು, ಆ ಸಂದೇಶದಿಂದ ಆಗುವ ಪ್ರೋಟೀನನ್ನು ತಗ್ಗಿಸುತ್ತದೆ. ಹೋಲಿಕೆ ಎಲ್ಲಿ ಮುರಿಯುತ್ತದೆಂದೂ ಮಕ್ಕಳಿಗೆ ಹೇಳಿ: ನೀರಗಂಟಿಗೆ ಬುದ್ಧಿ ಇತ್ತು, ಊರಿನವರ ಹೆದರಿಕೆ ಇತ್ತು. ಇದಕ್ಕೆ ಎರಡೂ ಇಲ್ಲ. ಕೋಶದಲ್ಲಿ ಎಷ್ಟು ಜನ ನೀರಗಂಟಿಗಳು ಹುಟ್ಟಿದರೋ ಅಷ್ಟು ಮಣ್ಣು ಬೀಳುತ್ತದೆ, ಅಷ್ಟೇ.

ಈಗ ಆ ಹುಡುಗನ ಎದೆಯೊಳಗೆ ಹೋಗೋಣ. ನಮ್ಮ ರೋಗನಿರೋಧಕ ಪಡೆಯಲ್ಲಿ ಟಿ ಕೋಶಗಳಿಗೆ ಎರಡು ದಾರಿ ಎಂದಿಟ್ಟುಕೊಳ್ಳಿ. ಒಂದು ದಾರಿ ಹಿಡಿದರೆ ಒಳಹೊಕ್ಕ ಸೂಕ್ಷ್ಮಜೀವಿಗಳ ಜೊತೆ ಕಾದಾಟ. ಇನ್ನೊಂದು ಹಿಡಿದರೆ ಅಲರ್ಜಿಯ ಗಲಾಟೆ: ಐಎಲ್-5 ಎಂಬ ಪ್ರೋಟೀನು ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳ ಗುಂಪು ಕಟ್ಟಿಸುತ್ತದೆ, ಐಎಲ್-13 ಶ್ವಾಸನಾಳದಲ್ಲಿ ಲೋಳೆ ತುಂಬಿಸಿ ನಾಳದ ಸ್ನಾಯುವನ್ನು ಸಣ್ಣದಕ್ಕೂ ಸಿಡುಕುವಂತೆ ಮಾಡುತ್ತದೆ. ಮೊದಲನೆಯ ದಾರಿಗೆ ಕೈಮರ ಐಎಲ್-12. 2009ರಲ್ಲಿ ಅಮೆರಿಕದ ಸಿನ್ಸಿನಾಟಿಯ ಸಂಶೋಧಕರು ಅಲರ್ಜಿ ಬರಿಸಿದ ಇಲಿಗಳ ಶ್ವಾಸಕೋಶದಲ್ಲಿ ಮೈಕ್ರೋ ಆರ್‌ಎನ್‌ಎ-21 ಎಂಬ ನೀರಗಂಟಿ ಬಹಳ ಹೆಚ್ಚಿರುವುದನ್ನು ಕಂಡರು. ಅವನು ಮಣ್ಣು ಹಾಕುವ ಮಡೆಗಳಲ್ಲಿ ಒಂದು ಇದೇ ಐಎಲ್-12. ಆ ಕಡೆ ಮುಚ್ಚಿದರೆ ನೀರು ಈ ಕಡೆ ತಿರುಗಲೇಬೇಕಲ್ಲ. ಜೀನು ಅದೇ ಇತ್ತು, ಕೆರೆ ಅದೇ ಇತ್ತು. ಅಲರ್ಜಿಯ ಗದ್ದೆ ತುಂಬಿ ಹರಿಯಿತು.

ಅವನನ್ನು ಹೆಚ್ಚು ಹುಟ್ಟಿಸುವುದು ಯಾವುದು? ಹೊಗೆಗೆ ಇಲ್ಲಿ ಪಾತ್ರ ಬರುತ್ತದೆ. ಇಟಲಿಯ ಬ್ರೆಷಾ ಊರಿನ ಉಕ್ಕಿನ ಕಾರ್ಖಾನೆಯಲ್ಲಿ 63 ಕಾರ್ಮಿಕರ ರಕ್ತವನ್ನು ವಾರದ ಮೊದಲ ದಿನ ತೆಗೆದರು, ಮೂರು ದಿನ ಕೆಲಸ ಮಾಡಿದ ಮೇಲೆ ಮತ್ತೆ ತೆಗೆದರು. ಲೋಹದ ಧೂಳು ಕುಡಿದ ಮೂರೇ ದಿನಕ್ಕೆ ಅದೇ 21 ಏರಿತ್ತು, ಜೊತೆಗೆ 222 ಎಂಬ ಇನ್ನೊಂದು. ಇದು 2010ರಲ್ಲಿ ಪ್ರಕಟವಾದದ್ದು. ಕೆನಡಾದ ವ್ಯಾಂಕೂವರಿನಲ್ಲಿ ಸೌಮ್ಯ ಉಬ್ಬಸ ಇದ್ದ 13 ಮಂದಿಯನ್ನು ಒಪ್ಪಿಸಿ, ಅಳತೆ ಮಾಡಿದ ಡೀಸೆಲ್ ಹೊಗೆಯ ಕೋಣೆಯಲ್ಲಿ ಎರಡು ಗಂಟೆ ಕೂರಿಸಿದರು. ಘನ ಮೀಟರಿಗೆ 300 ಮೈಕ್ರೋಗ್ರಾಂ ಸೂಕ್ಷ್ಮ ಕಣ. ಅವರ ರಕ್ತದಲ್ಲೂ ಏರಿದ ಕೆಲವು ಹೆಸರುಗಳಲ್ಲಿ 21 ಇತ್ತು. ಅದಕ್ಕೂ ಮುಂಚೆ, 2009ರಲ್ಲಿ, ಮನುಷ್ಯರ ಶ್ವಾಸನಾಳದ ಕೋಶಗಳ ಮೇಲೆ ಪ್ರಯೋಗಾಲಯದಲ್ಲಿ ಡೀಸೆಲ್ ಮಸಿ ಹಾಕಿ ನೋಡಿದವರಿಗೆ, ಕಂಡುಬಂದ 313 ಮೈಕ್ರೋ ಆರ್‌ಎನ್‌ಎಗಳಲ್ಲಿ 197 ಅಲುಗಾಡಿದ್ದು ಕಂಡಿತ್ತು. ಒಂದು ಹೊಗೆಗೆ ಅರ್ಧಕ್ಕಿಂತ ಹೆಚ್ಚು ನೀರಗಂಟಿಗಳ ಹಾಜರಿ ಪುಸ್ತಕ ಏರುಪೇರು.

13 ಜನ, 63 ಜನ ಎಂದರೆ ನಮ್ಮ ಒಂದೊಂದು ಸೆಕ್ಷನ್ನಿನ ಮಕ್ಕಳ ಸಂಖ್ಯೆ. ರಕ್ತದಲ್ಲಿ ಏರಿದ್ದೆಲ್ಲ ಶ್ವಾಸಕೋಶದಲ್ಲೂ ಏರಿತು ಎನ್ನಲಾಗದು. ಇದನ್ನು ನೀವು ಮಕ್ಕಳಿಗೆ ಹೇಳಲೇಬೇಕು. ಇನ್ನೂ ಒಂದು ಕಥೆ ಇದೆ, ನನಗೆ ಬಹಳ ಇಷ್ಟವಾದದ್ದು. ದೆಹಲಿಯ ಜೀನೋಮಿಕ್ಸ್ ಸಂಸ್ಥೆ ಐಜಿಐಬಿಯ ಬಲರಾಮ್ ಘೋಷ್, ಅನುರಾಗ್ ಅಗ್ರವಾಲ್ ಅವರ ತಂಡ 2011ರಲ್ಲಿ ತೋರಿಸಿದ್ದೇನೆಂದರೆ, ಆ ಹಳೆಯ ಲೆಟ್-7 ಐಎಲ್-13ರ ಮಡೆಗೆ ಮಣ್ಣು ಹಾಕುತ್ತದೆ. ಉಬ್ಬಸದ ಇಲಿಯ ಮೂಗಿಗೆ ಲೆಟ್-7ರ ನಕಲನ್ನು ಬಿಟ್ಟರೆ ಐಎಲ್-13 ಇಳಿದು ಉರಿಯೂತ ತಗ್ಗುತ್ತದೆ. ಅದರ ಹಿಂದಿನ ವರ್ಷ ಅಮೆರಿಕದ ಹ್ಯೂಸ್ಟನ್ನಿನ ತಂಡವೂ ಲೆಟ್-7 ಮತ್ತು ಐಎಲ್-13ರ ನಂಟನ್ನು ಕಂಡಿತ್ತು, ಆದರೆ ಅವರು ಲೆಟ್-7ನ್ನು ಕಟ್ಟಿಹಾಕಿದಾಗ ಇಲಿಯ ಉಬ್ಬಸ ತಗ್ಗಿತು! ಒಂದೇ ನೀರಗಂಟಿ, ಒಂದೇ ಮಡೆ, ಎರಡು ಊರಿನಲ್ಲಿ ಎರಡು ಫಲ. ನೂರಾರು ಗದ್ದೆ ನೋಡಿಕೊಳ್ಳುವವನನ್ನು ಕರೆದರೂ ಕಟ್ಟಿದರೂ ಪರಿಣಾಮ ಒಂದು ಗದ್ದೆಗೆ ನಿಲ್ಲುವುದಿಲ್ಲ ಎಂದು ನಾನು ಅರ್ಥಮಾಡಿಕೊಂಡಿದ್ದೇನೆ. ವಿಜ್ಞಾನ ಎಂದರೆ ದಪ್ಪ ಅಕ್ಷರದಲ್ಲಿ ಅಚ್ಚಾದ ವ್ಯಾಖ್ಯೆ ಎಂದುಕೊಂಡ ನಮ್ಮ ಮಕ್ಕಳಿಗೆ ಈ ಜಗಳ ಗೊತ್ತಾದರೆ ಒಳ್ಳೆಯದು. ಆದ್ದರಿಂದಲೇ, ನಾಳೆ ಯಾರಾದರೂ ನಿಮ್ಮೂರಿಗೆ ಬಂದು ‘ಮೈಕ್ರೋ ಆರ್‌ಎನ್‌ಎ ಟೆಸ್ಟು, ಉಬ್ಬಸಕ್ಕೆ ಮೈಕ್ರೋ ಆರ್‌ಎನ್‌ಎ ಪುಡಿ’ ಎಂದು ಮಾರಿದರೆ ಚಹಾ ಕುಡಿಸಿ ಕಳಿಸಿಬಿಡಿ.

ಹಾಗಾದರೆ ಈ ಹೊಗೆ ನಮ್ಮಲ್ಲಿ ಎಲ್ಲಿದೆ? ಶಿರಾ ತಾಲ್ಲೂಕಿನಲ್ಲಿ ಕಳ್ಳಂಬೆಳ್ಳದಿಂದ ಆಚೆಗೂ ಹೆದ್ದಾರಿ 48ರ ಅಂಚಿಗಿರುವ ಶಾಲೆಗಳವರಿಗೆ ಡೀಸೆಲ್ ವಾಸನೆ ಬೇರೆ ಹೇಳಬೇಕಿಲ್ಲ. ಕ್ರಷರ್ ಪಕ್ಕದ ಊರುಗಳವರಿಗೆ ಕಲ್ಲಿನ ಧೂಳು. ಕಲ್ಲು ಒಡೆಯುವವರಿಗೆ ಬರುವ ಸಿಲಿಕೋಸಿಸ್ ಬೇರೆಯೇ ಕಾಯಿಲೆ, ಎರಡನ್ನೂ ‘ದಮ್ಮು’ ಎಂದು ಒಂದೇ ಗಂಟು ಕಟ್ಟಬೇಡಿ. ಕಡಲೆಕಾಯಿ ಮಿಲ್ಲಿನ ಸಿಪ್ಪೆ ಧೂಳು, ಬೂಸ್ಟು ಹಿಡಿದ ಕಾಯಿ, ರಸ್ತೆಯ ರಾಗಿ, ಮಳೆ ಬಿದ್ದ ಮೇಲೆ ಎಲ್ಲೆಂದರಲ್ಲಿ ಹೂ ಬಿಡುವ ಕಾಂಗ್ರೆಸ್ ಗಿಡ, ಇವೆಲ್ಲ ಸರಿ. ಆದರೆ ದಿನಕ್ಕೆ ಎರಡು ಹೊತ್ತು, ವರ್ಷಕ್ಕೆ 365 ದಿನ, ಮಗುವಿನ ಮೂಗಿನಿಂದ ಮೂರು ಅಡಿ ದೂರದಲ್ಲಿ ಇರುವ ಹೊಗೆ ಯಾವುದು? ನಾವು ಅದನ್ನು ಮಾಲಿನ್ಯ ಎಂದು ಕರೆಯುವುದೇ ಇಲ್ಲ.

ಉಜ್ವಲಾ ಯೋಜನೆ 2016ರಲ್ಲಿ ಬಂತು. ಸಿಲಿಂಡರ್ ಮನೆಮನೆಗೆ ಬಂದು ಅಡುಗೆಮನೆಯ ಮೂಲೆಯಲ್ಲಿ ಅರಿಶಿನ ಕುಂಕುಮ ಇಡಿಸಿಕೊಂಡು ಕೂತಿದೆ. ಕಾಫಿ ಅದರ ಮೇಲೆ, ಸಾರು ಅದರ ಮೇಲೆ. ಮುದ್ದೆ? ಸೌದೆ ಒಲೆಯ ಮುದ್ದೆಯೇ ಮುದ್ದೆ ಎನ್ನುವವರಲ್ಲಿ ನಾನೂ ಒಬ್ಬನಾಗಿದ್ದೆ. ಸ್ನಾನದ ನೀರು? ಅದಕ್ಕೆ ಯಾರೂ ಗ್ಯಾಸು ಸುಡುವುದಿಲ್ಲ. ಬೆಳಿಗ್ಗೆ ಐದೂವರೆಗೆ ನಮ್ಮ ಯಾವ ಹಳ್ಳಿಗೆ ಬೇಕಾದರೂ ಹೋಗಿ. ಹಂಡೆ ಒಲೆಗೆ ತೆಂಗಿನ ಗರಿ, ಬಳ್ಳಾರಿ ಜಾಲಿ, ತೊಗರಿ ಕಡ್ಡಿ. ಚಳಿಗೆ ಹಸಿಯಾದ ಸೌದೆ ಹೊತ್ತಲೆಂದು ಮೊದಲು ಒಂದು ಪ್ಲಾಸ್ಟಿಕ್ ಕವರು, ಇಲ್ಲವೇ ಹಳೇ ಚಪ್ಪಲಿ. ಆ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಚಳಿ ಕಾಯಿಸಿಕೊಳ್ಳುವವರು ಯಾರು? ಎಂಟು ಗಂಟೆಗೆ ನಿಮ್ಮ ತರಗತಿಗೆ ಹೊರಡುವ ಮಕ್ಕಳು. ಪಾವಗಡ ತಾಲ್ಲೂಕಿನ ತಿರುಮಣಿಯಲ್ಲಿ 13 ಸಾವಿರ ಎಕರೆಯ ಮೇಲೆ 2,050 ಮೆಗಾವ್ಯಾಟ್‌ ಸೌರ ಫಲಕಗಳು ಹೊಳೆಯುತ್ತವೆ, ದೇಶವೇ ಬಂದು ನೋಡಿಕೊಂಡು ಹೋಗುತ್ತದೆ. ಅದೇ ಸೂರ್ಯ ಹುಟ್ಟುವ ಮುಂಚೆ ಸುತ್ತಲ ಊರಿನ ಹೆಂಚುಗಳಿಂದ ಹೊಗೆ ಏಳುತ್ತದೆ. ನಮ್ಮ ದೇಶ ಸೂಕ್ಷ್ಮ ಕಣಕ್ಕೆ ಇಟ್ಟ ಮಿತಿ ದಿನದ ಸರಾಸರಿ 60 ಮೈಕ್ರೋಗ್ರಾಂ. ವ್ಯಾಂಕೂವರಿನವರು ಎರಡು ಗಂಟೆಗೆ ಕುಡಿಸಿದ 300ನ್ನು ಗಾಳಿಯಾಡದ ಸೌದೆ ಅಡುಗೆಮನೆ ಲೀಲಾಜಾಲವಾಗಿ ದಾಟುತ್ತದೆ.

ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಡಾ. ಪಿ.ಎ. ಮಹೇಶ್ ಮತ್ತು ಜೊತೆಗಾರರು ಮೈಸೂರು ಜಿಲ್ಲೆಯ ಹಳ್ಳಿಗಳ ಹೆಂಗಸರನ್ನು ಅಧ್ಯಯನ ಮಾಡಿ 2013ರಲ್ಲಿ ಒಂದು ಸರಳ ಲೆಕ್ಕ ಕೊಟ್ಟರು. ದಿನಕ್ಕೆ ಎಷ್ಟು ಗಂಟೆ ಒಲೆಯ ಮುಂದೆ, ಎಷ್ಟು ವರ್ಷದಿಂದ; ಎರಡನ್ನೂ ಗುಣಿಸಿ. ಗುಣಲಬ್ಧ 60 ಮುಟ್ಟಿದ ಮೇಲೆ ದೀರ್ಘಕಾಲದ ಬ್ರಾಂಕೈಟಿಸ್ಸಿನ ಅಪಾಯ ಎದ್ದು ಕಾಣುತ್ತದೆ. ಅಂದರೆ ವರ್ಷಕ್ಕೆ ಮೂರು ತಿಂಗಳಂತೆ ಎರಡು ವರ್ಷ ಸತತ ಕಫದ ಕೆಮ್ಮು. ಉಬ್ಬಸವೂ ಇದೂ ಒಂದೇ ಅಲ್ಲ, ನಾಳ ಮಾತ್ರ ಅದೇ. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ ಅಂದರೆ 60. ಇಪ್ಪತ್ತಕ್ಕೆ ಮದುವೆಯಾಗಿ ಬಂದವಳಿಗೆ ನಲವತ್ತಕ್ಕೆ ತುಂಬಿತು. ನಾನು ಈ ಲೆಕ್ಕವನ್ನು ನಮ್ಮ ತಾಯಿಗೆ ಹಾಕಿ ನೋಡಿದೆ, 200 ದಾಟಿತು. ಅವರ ಕೆಮ್ಮನ್ನು ನಾವೆಲ್ಲ ಅವರ ಸ್ವಭಾವ ಎಂದುಕೊಂಡಿದ್ದೆವು.

ಇದು ಏಳನೇ ತರಗತಿಯ ಗುಣಾಕಾರ. ನಿಮ್ಮ ಎಫ್‌ಎ ಮೌಲ್ಯಮಾಪನದ ಚಟುವಟಿಕೆಗೆ ಇದನ್ನೇ ಕೊಡಿ ಎಂಬುದು ನನ್ನ ಮೊದಲ ಕೋರಿಕೆ. ಥರ್ಮೋಕೋಲಿನ ಡಿಎನ್‌ಎ ಏಣಿ ಮಾಡಿಸಿದ್ದು ಸಾಕು. ಅದನ್ನು ಪೇಟೆಯ ಸ್ಟೇಷನರಿ ಅಂಗಡಿಯವನೇ ಮಾಡಿ ಮಾರುತ್ತಾನೆ. ಮಗು ಅಜ್ಜಿಯ ಪಕ್ಕ ಕೂತು ‘ದಿನಕ್ಕೆಷ್ಟು ಹೊತ್ತು ಅಜ್ಜಿ, ಎಷ್ಟು ವರ್ಷದಿಂದ?’ ಎಂದು ಕೇಳಿ ಬರೆದುಕೊಂಡು ಬರಲಿ. ಅಂಕಿಯನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಬೇಡಿ. ಯಾರ ಮನೆಯಲ್ಲಿ ಏನಿದೆ ಎಂಬುದನ್ನು ನಾನು ಒಮ್ಮೆ ಗಟ್ಟಿಯಾಗಿ ಹೇಳಿ ಅನುಭವಿಸಿದ್ದೇನೆ.

ಪರಿಹಾರ ಕೇಳುವ ಮಗುವಿಗೆ ದೂರದ ಮಾತು ಬೇಡ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಕಟ್ಟಿದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರಕ್ಕೆ ಪ್ರಯೋಗಭೂಮಿಯಾದದ್ದು ನಮ್ಮದೇ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರ. ಮೂರು ಪಾತ್ರೆ ಸಾಲಾಗಿ ಕೂರುವ, ಹೊಗೆಯನ್ನು ಕೊಳವೆಯಲ್ಲಿ ಸೂರಿನಾಚೆ ಕಳಿಸುವ ಅಸ್ತ್ರ ಒಲೆಯನ್ನು ನಿಮ್ಮಲ್ಲಿ ಕೆಲವರ ಅಜ್ಜಿಯರು ಬಳಸಿರಬಹುದು. ಕೊಳವೆಯಲ್ಲಿ ಮಸಿ ಕಟ್ಟಿಕೊಂಡಾಗ ಕೆರೆದು ತೆಗೆಯುವವರಿಲ್ಲದೆ ಎಷ್ಟೋ ಒಲೆಗಳು ಸತ್ತವು. ಈಗಲೂ ಹಂಡೆ ಒಲೆಗೆ ಒಂದು ಸಿಮೆಂಟ್ ಪೈಪು ನಿಲ್ಲಿಸಿದರೆ, ಪ್ಲಾಸ್ಟಿಕ್ ಒಂದನ್ನು ಬಿಟ್ಟರೆ, ಮಗುವನ್ನು ಒಲೆಯ ಮುಂದಿನಿಂದ ಎಬ್ಬಿಸಿ ಬಿಸಿಲು ಬರುವ ಜಗಲಿಗೆ ಕಳಿಸಿದರೆ ಅಷ್ಟರಮಟ್ಟಿಗೆ ಕಡಿಮೆ.

ಎರಡನೆಯ ಕೋರಿಕೆ ಪಂಪಿನದು. ನಾನು ಚಿಕ್ಕವನಿದ್ದಾಗ ನಮ್ಮಪ್ಪ ಮೃಗಶಿರ ಮಳೆ ಕೂಡುವ ದಿನ ಹೈದರಾಬಾದಿಗೆ ಕರೆದೊಯ್ದು ಮೀನಿನ ಪ್ರಸಾದ ನುಂಗಿಸಿಕೊಂಡು ಬರುತ್ತಿದ್ದರು, ಮೂರು ವರ್ಷ ಸತತ. ಮರಿ ಮೀನು ಗಂಟಲಲ್ಲಿ ಹೊರಳಿದ್ದು ಇಂದಿಗೂ ನೆನಪಿದೆ. ಪಂಪಿಗೆ ಬಂದದ್ದು ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ. ಪಂಪು ಚಟವಲ್ಲ. ಉರಿಯೂತ ಇಳಿಸುವ ಪಂಪಿನಲ್ಲಿ ಒಂದು ಎಳೆತಕ್ಕೆ ಇರುವ ಸ್ಟೆರಾಯ್ಡು ಸಾಮಾನ್ಯವಾಗಿ 100 ಅಥವಾ 200 ಮೈಕ್ರೋಗ್ರಾಂ. 5 ಮಿಲಿಗ್ರಾಂ ಸ್ಟೆರಾಯ್ಡ್ ಮಾತ್ರೆ ಎಂದರೆ 5,000 ಮೈಕ್ರೋಗ್ರಾಂ. ಪಂಪಿಗೆ ಹೆದರಿ, ದಮ್ಮು ಜೋರಾದಾಗಲೆಲ್ಲ ಮಾತ್ರೆ ನುಂಗುವವರ ಲೆಕ್ಕ ಎಲ್ಲಿ ತಪ್ಪಿದೆ ನೋಡಿ. ಆ ಸ್ಟೆರಾಯ್ಡು ಒಳಗೆ ಹೋಗಿ ಮಾಡುವುದೂ ಜೀನಿನ ಕೆಲಸವೇ: ಕೋಶಕೇಂದ್ರ ಹೊಕ್ಕು ಉರಿಯೂತದ ಜೀನುಗಳ ಸದ್ದಡಗಿಸುವುದು. ‘ವಂಶದಲ್ಲಿ ಇದ್ದದ್ದನ್ನು ಏನೂ ಮಾಡಲಾಗದು’ ಎನ್ನುವವರು ದಿನಾ ಎರಡು ಸಲ ಅದನ್ನು ಮಾಡುತ್ತಿರುವ ಈ ಚಿಕ್ಕ ಡಬ್ಬಿಯನ್ನು ನೋಡಬೇಕು. ತಕ್ಷಣ ಉಸಿರು ಬಿಡಿಸುವ ಪಂಪನ್ನು ಮಾತ್ರ ನೆಚ್ಚಿಕೊಂಡು ಉರಿಯೂತವನ್ನು ಹಾಗೇ ಬಿಡಬಾರದೆಂದು, ಉಬ್ಬಸಕ್ಕೆ ಜಗತ್ತಿಗೆಲ್ಲ ಮಾರ್ಗಸೂಚಿ ಬರೆಯುವ ಜೀನಾ ಎಂಬ ತಜ್ಞರ ಬಳಗ ದೊಡ್ಡವರಿಗೂ ಹದಿಹರೆಯದವರಿಗೂ 2019ರಿಂದ ಹೇಳುತ್ತಿದೆ. ಯಾವ ಪಂಪು, ಎಷ್ಟು ಎಂಬುದು ವೈದ್ಯರ ಕೆಲಸ. ನಿಮ್ಮದು ಇಷ್ಟೇ: ಮಗು ಬ್ಯಾಗಿನಲ್ಲಿ ಪಂಪು ತಂದರೆ ಕಿತ್ತು ಸ್ಟಾಫ್ ರೂಮಿನ ಬೀರುವಿನಲ್ಲಿ ಇಡಬೇಡಿ. ಬೀಗದ ಕೈ ಇಟ್ಟುಕೊಂಡವರು ಅಂದೇ ರಜೆ ಹಾಕಿರುತ್ತಾರೆ.

ಮೂರನೆಯದು ನನ್ನದೇ ಇನ್ನೊಂದು ತಪ್ಪು. ಶನಿವಾರದ ಶ್ರಮದಾನದಲ್ಲಿ ಮೈದಾನದ ಹೊಂಗೆ ಎಲೆ, ಬಿಸ್ಕತ್ ಕವರು, ಹರಿದ ನೋಟ್‌ಬುಕ್ಕು ಎಲ್ಲ ಗುಡ್ಡೆ ಹಾಕಿಸಿ ಬೆಂಕಿ ಇಡಿಸುತ್ತಿದ್ದೆ. ಕಡ್ಡಿ ಗೀರಲು ಹುಡುಗರಲ್ಲಿ ಪೈಪೋಟಿ. ಒಮ್ಮೆ ನನಗೇ ದಮ್ಮು ಹತ್ತಿ ಸ್ಟಾಫ್ ರೂಮಿಗೆ ಹೋಗಿ ಕೂತಿದ್ದೆ. ಹೊರಗೆ ಬೆಂಕಿ ಉರಿಯುತ್ತಲೇ ಇತ್ತು, ಮಕ್ಕಳು ಸುತ್ತಲೂ ನಿಂತೇ ಇದ್ದರು. ಎಲೆಗೆ ಒಂದು ಗುಂಡಿ ತೋಡಿಸಿ. ಎರಡು ಮಳೆ ಬಿದ್ದರೆ ಗೊಬ್ಬರ, ಮೇಲೆ ವಿಘಟನೆಯ ಪಾಠಕ್ಕೆ ಪುಕ್ಕಟೆ ಉಪಕರಣ.

ಇನ್ನು, ಇದೆಲ್ಲ ಕೇಳಿದ ಮೇಲೆ ತರಗತಿಯಲ್ಲಿ ಒಬ್ಬ ಎದ್ದು ನಿಂತು ಕೇಳುತ್ತಾನೆ, ನನಗೆ ಗ್ಯಾರಂಟಿ: ‘ಸಾರ್, ಹೊಗೆ ಬಿಟ್ರೆ ಆ ನೀರಗಂಟಿಗಳು ಸರಿ ಹೋಗ್ತಾರಾ?’ ಬಸ್ಸಿನಲ್ಲಿ ಆ ತಾಯಿ ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ನಾನು ಅವಸರದಲ್ಲಿ ‘ನಿನ್ನ ವಂಶಕ್ಕಿಂತ ನಿನ್ನ ಹಂಡೆ ಒಲೆಯೇ ಹೆಚ್ಚು ಕಣಮ್ಮ, ನಾನು ಅವತ್ತು ಅರ್ಧ ಹೇಳಿದ್ದೆ’ ಎಂದು ಶುರುಮಾಡಿದ್ದೆ. ಅವಳು ಮಗನ ಬೆನ್ನು ನೀವುತ್ತಲೇ ಕೇಳಿದಳು, ‘ಒಲೆ ಬಿಟ್ರೆ ಹೋಯ್ತದಾ ಸಾರ್?’

ಉತ್ತರ ಆಮೇಲೆ ಓದಿ ತಿಳಿದುಕೊಂಡೆ, ನಿಮಗೆ ಕೊಡುತ್ತಿದ್ದೇನೆ. ಸೌದೆ ಹೊಗೆಯಲ್ಲ, ಸಿಗರೇಟಿನ ಹೊಗೆಯ ಮೇಲೆ ನಡೆದ ಅಧ್ಯಯನ. ಸೇದುವವರ ಶ್ವಾಸಕೋಶದ ಕಿರುನಾಳಗಳ ಒಳಪೊರೆಯಿಂದ ಕೋಶ ತೆಗೆದು ನೋಡಿದರು, ಏರುಪೇರಾದ ಮೈಕ್ರೋ ಆರ್‌ಎನ್‌ಎಗಳ ಪಟ್ಟಿ ಮಾಡಿಕೊಂಡರು, ಸೇದುವುದು ಬಿಡಿಸಿ ಮೂರು ತಿಂಗಳಾದ ಮೇಲೆ ಮತ್ತೆ ತೆಗೆದು ನೋಡಿದರು. ಹೆಚ್ಚಿನವು ಸೇದದವರ ಮಟ್ಟಕ್ಕೆ ವಾಪಸಾಗಿದ್ದವು. ಕೆಲವು ಆಗಿರಲಿಲ್ಲ. ಎರಡನ್ನೂ ಹೇಳಿ, ಒಂದನ್ನು ನುಂಗಬೇಡಿ.

ಬಸ್ಸಿನಲ್ಲಿ ನನಗೆ ಇಷ್ಟು ಹೇಳಲಾಗಲಿಲ್ಲ. ‘ನಾಳೆ ಆಸ್ಪತ್ರೆಗೆ ಕರ್ಕೊಂಡು ಹೋಗು, ಪಂಪು ಶುರು ಮಾಡು’ ಎನ್ನುವಷ್ಟರಲ್ಲಿ ಮಿಡಿಗೇಶಿ ಬಂತು. ಕಂಡಕ್ಟರ್ ಸೀಟಿ ಊದಿದ, ಅವಳು ಹುಡುಗನನ್ನು ಕಂಕುಳಿಗೆತ್ತಿಕೊಂಡು ಇಳಿದುಬಿಟ್ಟಳು. ಹೋದಳೋ ಬಿಟ್ಟಳೋ. ಹುಡುಗ ಆಗ ಮೂರನೇ ಕ್ಲಾಸು ಎಂದಿದ್ದ. ಇನ್ನು ನಾಲ್ಕೈದು ವರ್ಷಕ್ಕೆ ನಿಮ್ಮಲ್ಲಿ ಯಾರದೋ ತರಗತಿಗೆ ಬರುತ್ತಾನೆ.

ಇಂತಿ,
ನಿಮ್ಮ ಹಳೆಯ ಸಹೋದ್ಯೋಗಿ,
ಒಬ್ಬ ನಿವೃತ್ತ ಸಿಬಿಝಡ್ ಮೇಷ್ಟ್ರು
ಮಧುಗಿರಿ